ಗಾಳಿಯ ವಾದ್ಯಕ್ಕೆ ಕಾಲಿನ ತಾಲೀಮು

ದಾಂಡೇಲಿಯ ಬಿದಿರು ಮೆಳೆಗಳ ನಡುವೆ ಗಾಳಿ ಬೀಸುವಾಗ ನಡೆದವರಿಗೆ ಗೊತ್ತು, ದುಂಬಿ ಕೊರೆದ ತೂತಿಗೆ ಗಾಳಿ ಹೊಕ್ಕರೆ ಬಿದಿರು ಸಿಳ್ಳೆ ಹಾಕುತ್ತದೆ. ಕಾಳಿದಾಸ ಇಂಥ ಬಿದಿರನ್ನು ಕೀಚಕ ಎಂದು ಕರೆದ. ಗಿಡ್ಡ ಕೊಳವೆಗೆ ಕೀರಲು ದನಿ, ಉದ್ದದ್ದಕ್ಕೆ ದಪ್ಪ ದನಿ. ಇಂಥ ನೂರಾರು ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ, ಕೆಳಗಿನಿಂದ ತಿದಿಯ ಗಾಳಿ ಹಾಯಿಸಿ, ಒಂದೊಂದರ ಬಾಯಿಗೂ ಒಂದು ಮುಚ್ಚಳ ಇಟ್ಟರೆ ಅದೇ ಪಾಶ್ಚಾತ್ಯರ ಪೈಪ್ ಆರ್ಗನ್. ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿ, 1866ರಲ್ಲಿ ತೆರೆದ ಸೇಂಟ್ ಆಂಡ್ರೂಸ್ ಚರ್ಚಿನಲ್ಲಿ ಇಂಥದೊಂದು ಹಳೆಯ ಆರ್ಗನ್ ಇದೆ.

ಹಳಿಯಾಳ, ಮುಂಡಗೋಡ ಸೀಮೆಯಲ್ಲಿ ಕಂಪನಿ ನಾಟಕ ಕಂಡ ಹಿರಿಯರಿಗೆ ಲೆಗ್ ಹಾರ್ಮೋನಿಯಂ ನೆನಪಿರಬಹುದು. ಪೇಟಿ ಮಾಸ್ತರರು ಕಾಲಲ್ಲಿ ತಿದಿ ಒತ್ತುತ್ತ ಎರಡೂ ಕೈಯಲ್ಲಿ ನುಡಿಸುತ್ತಿದ್ದರು. ಅಲ್ಲಿ ಕಾಲಿನ ಕೆಲಸ ಗಾಳಿ ತುಂಬುವುದಷ್ಟೇ. ಆರ್ಗನ್ನಿನಲ್ಲಿ ಹಾಗಲ್ಲ, ಕಾಲಿಗೇ ಪ್ರತ್ಯೇಕ ಮಣೆಯಿದ್ದು, ಸುಮಾರು 30 ಮರದ ಪಟ್ಟಿಗಳ ಮೇಲೆ ಹಿಮ್ಮಡಿ, ಬೆರಳತುದಿಗಳಿಂದ ಸ್ವರ ನುಡಿಸಬೇಕು.

ಜರ್ಮನಿಯ ಫೆಲಿಕ್ಸ್ ಮೆಂಡೆಲ್ಸನ್ ಇಂಗ್ಲಿಷ್ ಪ್ರಕಾಶಕರ ಕೋರಿಕೆಯ ಮೇರೆಗೆ ಆರ್ಗನ್ನಿಗೆ ಆರು ಸೊನಾಟಾಗಳನ್ನು ಬರೆದು 1845ರಲ್ಲಿ ಪ್ರಕಟಿಸಿದ. ರೊಮ್ಯಾಂಟಿಕ್ ಯುಗದ ಆರ್ಗನ್ ಸಂಗೀತದಲ್ಲಿ ಇವಕ್ಕೆ ದೊಡ್ಡ ಸ್ಥಾನ. ಮೂರನೆಯದರ ಮೊದಲ ಭಾಗದ ಹಿಂದೆ ಒಂದು ಮನೆಯ ಕಥೆಯಿದೆ. 1829ರ ಅಕ್ಟೋಬರಿನಲ್ಲಿ ಅಕ್ಕ ಫ್ಯಾನಿಯ ಮದುವೆ. ತಮ್ಮ ಲಂಡನ್ನಿನಲ್ಲಿ ಗಾಡಿ ಅಪಘಾತದಲ್ಲಿ ಕಾಲಿಗೆ ಪೆಟ್ಟು ಮಾಡಿಕೊಂಡು ಹಾಸಿಗೆ ಹಿಡಿದ. ಅವನು ಒಪ್ಪಿಕೊಂಡಿದ್ದ ಮದುವೆಯ ಸಂಗೀತ ಬರಲಿಲ್ಲ. ಫ್ಯಾನಿ ತಾನೇ ಆರ್ಗನ್ ಕೃತಿ ರಚಿಸಿಕೊಂಡಳು. ಸೊನಾಟಾದ ಗಂಭೀರ ಆರಂಭ ಆ ಮದುವೆಗೆಂದು ಹೊಳೆದದ್ದೇ ಎಂದು ವಿದ್ವಾಂಸರು ಊಹಿಸುತ್ತಾರೆ.

ಆರಂಭ ಮುಗಿಯುತ್ತಲೇ ಸಂಗೀತ ಕಪ್ಪಿಡುತ್ತದೆ. ಒಂದು ಎಳೆ ಎತ್ತಿದ ಸೊಲ್ಲನ್ನು ಇನ್ನೊಂದು ಎಳೆ ಹಿಡಿಯುತ್ತದೆ. ನಮ್ಮ ಭಜನೆಯಲ್ಲಿ ಮುಂದಿನವರು ನಿಲ್ಲಿಸಿದ ಮೇಲೆ ಹಿಂದಿನವರು ಹಾಡುತ್ತಾರೆ. ಇಲ್ಲಿ ಮೊದಲಿನವರು ನಿಲ್ಲಿಸುವುದೇ ಇಲ್ಲ. ಈ ನೂಕುನುಗ್ಗಲಿನ ಅಡಿಯಲ್ಲಿ, ಆಳದಿಂದ ದೇವರನ್ನು ಕೂಗುವ ಮಾರ್ಟಿನ್ ಲೂಥರನ ಕೀರ್ತನೆಯ ರಾಗ ಕಾಲಿನಲ್ಲಿ ನಿಧಾನವಾಗಿ ಬರುತ್ತದೆ. ಕೈಯ ಓಟ ಬರಬರುತ್ತ ಬಿರುಸಾಗುತ್ತದೆ, ದನಿ ಏರುತ್ತದೆ. ಕೊನೆಗೆ ಕಾಲೊಂದೇ ಸ್ವರಗಳ ಮೇಲೆ ಓಡಿ, ಮದುವೆಯ ಗಾಂಭೀರ್ಯ ಮರಳುತ್ತದೆ.

ತಾಲೀಮು ಕಾಲಿನಿಂದಲೇ ಶುರು. ಯಾವ ಸ್ವರಕ್ಕೆ ಎಡಗಾಲು, ಯಾವುದಕ್ಕೆ ಬಲಗಾಲು, ಎಲ್ಲಿ ಹಿಮ್ಮಡಿ ಎಂಬುದನ್ನು ಹಾಳೆಯ ಮೇಲೆ ಗುರುತು ಹಾಕಿಕೊಂಡು ಕೀರ್ತನೆಯ ರಾಗವನ್ನು ಮೊದಲು ಹಾಡಿ, ಆಮೇಲೆ ಒಂದೇ ನುಡಿಸಬೇಕು. ನಂತರ ಎಡಗೈ ಮತ್ತು ಕಾಲು, ಬಲಗೈ ಮತ್ತು ಕಾಲು. ಎಡಗೈಗೂ ಕಾಲಿಗೂ ಜಗಳ ಹೆಚ್ಚು. ಎರಡೂ ತಗ್ಗು ಸ್ವರದವಾದ್ದರಿಂದ ಒಂದು ಇನ್ನೊಂದರ ಹಿಂದೆ ಹೋಗಿಬಿಡುತ್ತದೆ.

ಬೆರಳು ಪಳಗಿತು ಎನ್ನುವಾಗ ಇನ್ನೊಂದು ತೊಡಕು. ಆರ್ಗನ್ನಿನಲ್ಲಿ ಕೀಲಿಯನ್ನು ಎಷ್ಟು ಬಲವಾಗಿ ಒತ್ತಿದರೂ ದನಿ ಅಷ್ಟೇ. ಮುಂಡಗೋಡದಲ್ಲಿ 1966ರಲ್ಲಿ ನೆಲೆಯಾದ ಟಿಬೆಟನ್ನರ ಮಠಗಳಲ್ಲಿ ಉದ್ದನೆಯ ಕಹಳೆಗಳನ್ನು ಜೋಡಿಯಾಗಿ ಊದುತ್ತಾರೆ. ಒಬ್ಬರು ಉಸಿರೆಳೆಯುವಾಗ ಇನ್ನೊಬ್ಬರು ನಾದ ಹಿಡಿದಿರುತ್ತಾರೆ. ಆರ್ಗನ್ ವಾದಕರ ಕಷ್ಟ ಇದಕ್ಕೆ ತಿರುಗು ಮುರುಗು. ಬೆರಳಿಟ್ಟಷ್ಟು ಹೊತ್ತೂ ಸ್ವರ ನಿಲ್ಲದು. ಆದ್ದರಿಂದ ಉಸಿರಿನ ಜಾಗವನ್ನು ಬೆರಳೆತ್ತಿ ತಾವೇ ಮಾಡಿಕೊಡಬೇಕು. ಇಲ್ಲದಿದ್ದರೆ ಕೇಳುವವರಿಗೇ ಉಸಿರು ಕಟ್ಟುತ್ತದೆ.

ದನಿ ಏರಿಸಲು ಸ್ಟಾಪ್ ಎಂಬ ಗುಬುಟುಗಳನ್ನು ಎಳೆದು ಹೊಸ ಕೊಳವೆ ಸಾಲುಗಳನ್ನು ಸೇರಿಸಬೇಕು. ಯಾವುದನ್ನು ಎಳೆಯಬೇಕು? ಮೆಂಡೆಲ್ಸನ್ ಹೇಳಿಲ್ಲ. ಒಂದೇ ಹೆಸರಿನ ಸ್ಟಾಪ್ ಎಲ್ಲ ಆರ್ಗನ್ನುಗಳಲ್ಲಿ ಒಂದೇ ಪರಿಣಾಮ ಕೊಡುವುದಿಲ್ಲವೆಂದು ಮುನ್ನುಡಿಯಲ್ಲಿ ತಿಳಿಸಿ, ಸ್ಥೂಲ ಸೂಚನೆಯಷ್ಟೇ ಕೊಟ್ಟ. ತೀರ ಮೆಲುದನಿಗೆ 8 ಅಡಿಯ ಒಂದೇ ಮೃದು ಸಾಲು, ಅತಿ ಜೋರಿಗೆ ಇಡೀ ಆರ್ಗನ್, ಕಾಲಿಗೆ ಸಾಮಾನ್ಯವಾಗಿ 8 ಮತ್ತು 16 ಅಡಿ ಕೂಡಿಯೇ. ಅಡಿ ಎಂದರೆ ಆ ಸಾಲಿನ ಅತಿ ತಗ್ಗಿನ ಕೊಳವೆಯ ಸುಮಾರು ಉದ್ದ. ಸ್ವರವೆಲ್ಲ ಬರೆದುಕೊಟ್ಟು, ಬಣ್ಣವನ್ನು ಮಾತ್ರ ವಾದಕರ ಕಿವಿಗೆ ಬಿಟ್ಟ ಈ ಧೈರ್ಯ ನನಗೆ ಹಿಡಿಸಿತು. ನಮ್ಮ ಗವಾಯಿಗಳೂ ಮೆಚ್ಚಿಯಾರು.

ಹೀಗಾಗಿ ಊರು ಬದಲಾದರೆ ಕಲಿತದ್ದು ಅರ್ಧಕ್ಕೆ ಬಂದು ನಿಲ್ಲುತ್ತದೆ. ಹೊಸ ವಾದ್ಯದ ಮುಂದೆ ಮತ್ತೆ ಸ್ಟಾಪುಗಳನ್ನು ಒಂದೊಂದಾಗಿ ಕೇಳಬೇಕು. ಸ್ನೇಹಿತರೊಬ್ಬರನ್ನು ಕೀಲಿಮಣೆಗೆ ಕೂರಿಸಿ, ತಾವು ಕೊನೆಯ ಬೆಂಚಿಗೆ ಹೋಗಿ ಕಾಲಿನ ಕೀರ್ತನೆ ಅಲ್ಲಿಗೆ ಮುಟ್ಟುತ್ತದೆಯೇ ನೋಡಬೇಕು. ಕೈ ಬಿಡುವಿಲ್ಲದ ಕಡೆ ಸ್ಟಾಪ್ ಎಳೆಯಲು ಪಕ್ಕದಲ್ಲೊಬ್ಬರು ನಿಲ್ಲುವುದುಂಟು. ಅವರಿಗೂ ತಾಲೀಮು ಬೇಕು.

ಹವೆಯದೂ ಒಂದು ಪಾತ್ರ. ಸೆಕೆಗೆ ಸಿಳ್ಳೆ ಜಾತಿಯ ಕೊಳವೆಗಳ ಶ್ರುತಿ ಏರುತ್ತದೆ, ನಾಲಗೆಯುಳ್ಳ ಕೊಳವೆಗಳದ್ದು ಹೆಚ್ಚು ಕದಲದು. ಎರಡಕ್ಕೂ ಹೊಂದಿಕೆ ತಪ್ಪುತ್ತದೆ. ತೇವಕ್ಕೆ ಮರ ಉಬ್ಬಿದರೆ ಒತ್ತಿದ ಕೀಲಿ ಮೇಲೇಳದು. ಜೋಯಿಡಾದ ಮಳೆಗಾಲದಲ್ಲಿ ಬಾಗಿಲು ಹಾಕಲು ಹೆಣಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲ ಭಾಗದ ಗದ್ದಲ ಅಡಗಿದ ಮೇಲೆ ಸೊನಾಟಾದಲ್ಲಿ ಉಳಿಯುವುದು ಒಂದು ಚಿಕ್ಕ, ಶಾಂತ ಭಾಗ. ಇಡೀ ಆರ್ಗನ್ ಮೊಳಗುವಾಗ ಮರೆಯಾಗಿದ್ದ ಒಂದೇ ಒಂದು ಅಪಶ್ರುತಿಯ ಕೊಳವೆ ಅಲ್ಲಿ ಎಲ್ಲರಿಗೂ ಕೇಳಿಸುತ್ತದೆ.