ಮರವೇರುವವರ ಪ್ರಾಣರಕ್ಷಣೆ: ತೋಟದ ಯಜಮಾನರು ಗಮನಿಸತಕ್ಕ ವಿಷಯಗಳು

ಕಾಪುವಿನ ಕಡಲಂಚಿನ ತೆಂಗಿನ ತೋಟಗಳಲ್ಲಾಗಲಿ, ಕಾರ್ಕಳದ ಕಡೆಯ ಅಡಿಕೆ ತೋಟಗಳಲ್ಲಾಗಲಿ, ಮರವೇರುವವರಿಲ್ಲದೆ ಫಸಲು ಅಂಗಳಕ್ಕೆ ಬರುವುದು ಕಷ್ಟ. ಹೀಗೆ ಏರಿದವನು ಕೈತಪ್ಪಿ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಕಳೆದುಕೊಂಡನೆಂದರೆ, ಆ ಮನೆಯ ದುಡಿಮೆ ಅಂದಿಗೇ ನಿಂತಿತು. ಇಂತಹ ಅಪಘಾತವಾದಾಗ ಹಣೆಬರಹವೆಂದು ಸುಮ್ಮನಾಗುವುದು ವಾಡಿಕೆ. ಆದರೆ ಅಪಾಯದ ಕಾರಣಗಳಲ್ಲಿ ಬಹುಪಾಲು, ಮರವೇರುವ ಮೊದಲೇ ನೆಲದ ಮೇಲೆ ನಿಂತು ಕಾಣಬಹುದಾದವು. ಅವುಗಳನ್ನು ನೋಡಿ ನಿವಾರಿಸುವ ಹೊಣೆಯು ಏರುವವನಿಗಿಂತ ಮೊದಲು ಏರಿಸುವವರದು.

ಮಳೆಗಾಲದ ಕೆಲಸ: ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು 1910ರ ಸುಮಾರಿಗೆ ನಡೆಸಿದ ಸಂಶೋಧನೆಯ ಫಲವಾಗಿ ಬಳಕೆಗೆ ಬಂದಿತು. ಮೊದಲ ಸಿಂಪಡಣೆಯನ್ನು ಮಳೆ ಹಿಡಿಯುವ ಮೊದಲು, ಎರಡನೆಯದನ್ನು ಅದಾದ 40–45 ದಿನಗಳಲ್ಲಿ ಮಾಡಬೇಕಾಗಿರುವುದರಿಂದ, ಕಾಂಡವು ಪಾಚಿಗಟ್ಟಿ ಜಾರುವ ಕಾಲದಲ್ಲಿಯೇ ಮರವೇರುವ ಪ್ರಸಂಗ ಒದಗುತ್ತದೆ. ಆದುದರಿಂದ ಮೊದಲ ಸಿಂಪಡಣೆಯನ್ನು ಮುಂದೂಡದೆ ಮುಗಿಸತಕ್ಕದ್ದು. ಎರಡನೆಯದಕ್ಕೆ ಮಳೆ ಬಿಡುವು ಕೊಟ್ಟು ಕಾಂಡ ಆರುವವರೆಗೆ ಕಾಯತಕ್ಕದ್ದು. ಒಂದು ದಿನದ ಅವಸರಕ್ಕಾಗಿ ಒದ್ದೆ ಮರಕ್ಕೆ ಆಳನ್ನು ಹತ್ತಿಸಕೂಡದು.

ಮರದ ಪರೀಕ್ಷೆ: ನೈಋತ್ಯದ ಬಿಸಿಲು ನೇರವಾಗಿ ತಾಗುವ ಅಡಿಕೆಯ ಕಾಂಡವು ಸುಟ್ಟು ಸೀಳುವುದುಂಟು, ಅಂತಹ ಮರ ಗಾಳಿಗೂ ಮುರಿಯುತ್ತದೆ, ಮನುಷ್ಯನ ಭಾರವನ್ನು ಹೇಗೆ ತಾಳೀತು? ಅಣಬೆರೋಗದಿಂದ ಬೇರು ಕೊಳೆತ ಮರವೂ, ಮರಕುಟಿಗವು ತೂತು ಕೊರೆದ ಮರವೂ ಹೀಗೆಯೇ ಅಪಾಯಕರ. ಇವುಗಳಿಗೆ ಮೊದಲೇ ಸುಣ್ಣದ ಗುರುತು ಹಾಕಿಸಿ, ಏರುವವನಿಗೆ ತೋರಿಸಿಡಬೇಕು. ಒಂದು ಮರದ ತುದಿಯಿಂದ ಪಕ್ಕದ ಮರವನ್ನು ಎಳೆದುಕೊಂಡು ದಾಟುವ ರೂಢಿಯಿರುವೆಡೆ ಈ ಗುರುತು ಇನ್ನೂ ಅವಶ್ಯ. ತಾನಿರುವ ಮರ ಗಟ್ಟಿಯಾದರೂ ದಾಟುವ ಮರ ಗಟ್ಟಿಯೆಂದು ಅವನಿಗೆ ಮೇಲಿನಿಂದ ತಿಳಿಯುವುದಿಲ್ಲ. ತೆಂಗಿನ ಮರದ ತಲೆಯಲ್ಲಿ ಕಣಜದ ಗೂಡಿದೆಯೇ ಎಂಬುದನ್ನೂ ಕೆಳಗಿನಿಂದಲೇ ನೋಡತಕ್ಕದ್ದು.

ಉಪಕರಣ: ಕಾಲಿಗೆ ತೊಡುವ ಹಗ್ಗದ ತಳೆಯನ್ನು ಪ್ರತಿದಿನವೂ ಎಳೆದು ಪರೀಕ್ಷಿಸಿ, ನೂಲು ಸಡಿಲಿದ್ದರೆ ಕೂಡಲೇ ಬದಲಿಸಬೇಕು. ಮರಕ್ಕೆ ಸುತ್ತಿ ಸೊಂಟಕ್ಕೆ ಬಿಗಿಯುವ ರಕ್ಷಣಾ ಪಟ್ಟಿಯನ್ನು ಯಜಮಾನನೇ ಒದಗಿಸುವುದು ಯುಕ್ತ. ತೆಂಗು ಅಭಿವೃದ್ಧಿ ಮಂಡಳಿಯು 2011ರಿಂದ ಯಂತ್ರದ ಸಹಾಯದಿಂದ ತೆಂಗಿನ ಮರವೇರುವ ತರಬೇತಿಯನ್ನು ಕೊಡಿಸಿದೆ. ಊರಿನ ಯುವಕರನ್ನು ಇಂತಹ ಶಿಕ್ಷಣಕ್ಕೆ ಕಳುಹಿಸುವುದು ಗ್ರಾಮದ ಮುಖಂಡರಿಗೆ ತಕ್ಕ ಕೆಲಸ.

ದೋಟಿ ಮತ್ತು ವಿದ್ಯುತ್ ತಂತಿ: ನೆಲದಲ್ಲಿಯೇ ನಿಂತು ಕೊಯ್ಯುವುದಕ್ಕೂ ಸಿಂಪಡಿಸುವುದಕ್ಕೂ ಉದ್ದನೆಯ ದೋಟಿಗಳು ಬಂದಿರುವುದರಿಂದ ಬೀಳುವ ಭಯ ಕಡಿಮೆಯಾಗಿದೆ, ಆದರೆ ಬೇರೊಂದು ಭಯ ಸೇರಿದೆ. ಅಲ್ಯೂಮಿನಿಯಂ ದೋಟಿಯಲ್ಲಿ ವಿದ್ಯುತ್ತು ಹರಿಯುವುದೆಂದು ಎಲ್ಲರೂ ಬಲ್ಲರು. ಕಾರ್ಬನ್ ಫೈಬರಿನ ದೋಟಿಯಲ್ಲಿಯೂ ಹರಿಯುವುದೆಂಬುದನ್ನು ಬಲ್ಲವರು ವಿರಳ. ನೆನೆದ ಬಿದಿರನ್ನೂ ನಂಬುವಂತಿಲ್ಲ. ದೋಟಿಯನ್ನು ಪೂರ್ತಿ ಚಾಚಿ ಯಾವ ಕಡೆಗೆ ವಾಲಿದರೂ ತಂತಿಗೆ ಮುಟ್ಟದಷ್ಟು ದೂರವಿದ್ದಲ್ಲಿ ಮಾತ್ರ ಅದನ್ನು ಎತ್ತಬಹುದು. ತಂತಿಯ ಬಳಿಯ ಮರಗಳಿಗೆ ಮೆಸ್ಕಾಂನವರಿಗೆ ತಿಳಿಸಿ, ಸರಬರಾಜು ನಿಲ್ಲಿಸಿದುದನ್ನು ಖಚಿತಪಡಿಸಿಕೊಂಡ ಬಳಿಕವೇ ಕೆಲಸಕ್ಕೆ ತೊಡಗಬೇಕು. ದೂರವಾಣಿ ಸಂಖ್ಯೆ 1912. ಯಾರಾದರೂ ತಂತಿಗೆ ಸಿಲುಕಿದರೆ, ವಿದ್ಯುತ್ತು ನಿಲ್ಲುವವರೆಗೆ ಅವರನ್ನು ಮುಟ್ಟಕೂಡದು. ಮುಟ್ಟಿದರೆ ಒಂದು ಸಾವು ಎರಡಾದೀತು.

ದ್ರಾವಣದ ತಯಾರಿ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಟ್ಟ ಸುಣ್ಣ ಎಂಬ ಲೆಕ್ಕ ಎಲ್ಲರಿಗೂ ತಿಳಿದದ್ದೇ. ಸುಣ್ಣಕ್ಕೆ ನೀರು ಬಿದ್ದೊಡನೆ ಅದು ಕುದಿದು ಸಿಡಿಯುವುದರಿಂದ ಮುಖವನ್ನು ದೂರವಿಟ್ಟು, ಕೈಗವಸು ಹಾಗೂ ಕಣ್ಣಿನ ಕನ್ನಡಕ ಧರಿಸಿಯೇ ಕಲಸತಕ್ಕದ್ದು. ಕಣ್ಣಿಗೆ ಸಿಡಿದರೆ ಕಾಲು ಗಂಟೆಯ ಕಾಲ ತಿಳಿನೀರಿನಿಂದ ಬಿಡದೆ ತೊಳೆದು ವೈದ್ಯರಲ್ಲಿಗೆ ಒಯ್ಯಬೇಕು.

ಬಿದ್ದವನ ಉಪಚಾರ: ಇಲ್ಲಿ ಮರುಕದಿಂದ ಮಾಡುವ ಕೆಲಸವೇ ಕೇಡಾಗುವುದುಂಟು. ಬಿದ್ದವನನ್ನು ಎಬ್ಬಿಸಿ ಕೂರಿಸುವುದು, ಕೈಕಾಲು ಹಿಡಿದು ಎತ್ತುವುದು, ರಿಕ್ಷಾದಲ್ಲಿ ಮಡಚಿ ಕೂರಿಸಿ ಒಯ್ಯುವುದು, ಇವುಗಳಿಂದ ಮುರಿದ ಬೆನ್ನೆಲುಬು ಸರಿದು ಹುರಿಯು ತುಂಡಾಗಬಹುದು. ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿರುವಂತೆ ಅಲುಗಿಸದೆ ಮಲಗಿಸಿ, 108ಕ್ಕೆ ಕರೆಮಾಡತಕ್ಕದ್ದು. ಒಯ್ಯಲೇಬೇಕಾದಲ್ಲಿ ಅಗಲವಾದ ಹಲಗೆಯ ಮೇಲೆ, ನಾಲ್ಕೈದು ಮಂದಿ ಒಟ್ಟಾಗಿ ಎತ್ತಿಡಬೇಕು. ಉಡುಪಿಯ ಅಜ್ಜರಕಾಡಿನಲ್ಲಿ ಜಿಲ್ಲಾ ಆಸ್ಪತ್ರೆ, ಮಣಿಪಾಲದಲ್ಲಿ ಕಸ್ತೂರ್ಬಾ ಆಸ್ಪತ್ರೆ ಇರುವುದು ನಮ್ಮ ಸೀಮೆಯ ಭಾಗ್ಯ. ಆದರೆ ತೋಟದಿಂದ ರಸ್ತೆಯವರೆಗಿನ ದಾರಿಯಲ್ಲಿ ತಪ್ಪಿದರೆ ದೊಡ್ಡ ವೈದ್ಯರೂ ಅದನ್ನು ಸರಿಪಡಿಸಲಾರರು. ಮರವೇರುವ ಕೆಲಸಕ್ಕೆ ಒಬ್ಬನನ್ನೇ ಎಂದೂ ಕಳುಹಿಸಬಾರದೆಂಬ ನಿಯಮವೂ ಇದಕ್ಕಾಗಿಯೇ.

ವಿಮೆ: 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ, ಬ್ಯಾಂಕ್ ಖಾತೆಯುಳ್ಳ 18ರಿಂದ 70 ವಯಸ್ಸಿನವರು ವರ್ಷಕ್ಕೆ 20 ರೂಪಾಯಿಯ ಕಂತಿನಿಂದ ಸೇರಬಹುದು. ಅಪಘಾತದಿಂದ ಮರಣವಾದರೆ ಎರಡು ಲಕ್ಷ ರೂಪಾಯಿ ದೊರೆಯುತ್ತದೆ. ತೆಂಗಿನ ಮರವೇರುವವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆಯೂ ಇದೆ. ಇಪ್ಪತ್ತು ರೂಪಾಯಿ ಯಾವ ತೋಟದ ಲೆಕ್ಕದಲ್ಲಿಯೂ ಭಾರವಾಗದು.

ಗೊಬ್ಬರಕ್ಕೆ, ಬೇಲಿಗೆ, ಪಂಪಿಗೆ ಮುಂಗಡವಾಗಿ ಹಣ ತೆಗೆದಿಡುವ ತೋಟಗಾರರು ತಳೆ, ಪಟ್ಟಿ, ವಿಮೆಗಳ ಖರ್ಚನ್ನೂ ಆ ಪಟ್ಟಿಯಲ್ಲಿಯೇ ಬರೆದುಕೊಳ್ಳಲಿ. ಪ್ರತಿ ಊರಿನ ಮುಖಂಡರೂ ಮುಂಗಾರಿಗೆ ಮೊದಲು ಒಂದು ದಿನ ತೋಟದವರನ್ನೂ ಮರವೇರುವವರನ್ನೂ ಒಂದೆಡೆ ಸೇರಿಸಿ ಈ ವಿಷಯಗಳನ್ನು ಓದಿ ಹೇಳಿದರೆ, ಅವರಿಂದ ಊರಿಗೆ ದೊಡ್ಡ ಉಪಕಾರವಾದೀತು.