ನೇರ ಸಿಂಚನದ ಎಂಜಿನ್ನಿನಲ್ಲಿ ಇಂಗಾಲದ ಲೇಪ

ಪೆಟ್ರೋಲನ್ನು ಸಿಲಿಂಡರಿನೊಳಕ್ಕೇ ನೇರವಾಗಿ ಸಿಂಪಡಿಸುವ ವಿಧಾನ ಹೊಸದೇನಲ್ಲ. 1954ರ ಮರ್ಸಿಡಿಸ್-ಬೆಂಜ್ 300 ಎಸ್‌ಎಲ್ ಕಾರಿನಲ್ಲಿಯೇ ಅದಿದ್ದಿತು; 1996ರಲ್ಲಿ ಜಪಾನಿನ ಮಿತ್ಸುಬಿಶಿ ಕಂಪನಿಯು ಎಲೆಕ್ಟ್ರಾನಿಕ್ ನಿಯಂತ್ರಣದೊಡನೆ ಅದನ್ನು ಬಳಕೆಗೆ ತಂದ ತರುವಾಯ ವ್ಯಾಪಕವಾಯಿತು. ಇಂಧನದ ಮಿತವ್ಯಯ ಇದರ ಗುಣ. ದೋಷವೂ ಅದರ ಬೆನ್ನಿಗೇ ಇದೆ.

ಹಿಂದಿನ ಪದ್ಧತಿಯಲ್ಲಿ ಪೆಟ್ರೋಲು ಗಾಳಿಯನ್ನು ಒಳಬಿಡುವ ಕವಾಟದ ಹಿಂಬದಿಗೆ ಬಿದ್ದು ಅದನ್ನು ಸದಾ ತೊಳೆಯುತ್ತಿದ್ದಿತು. ನೇರ ಸಿಂಚನದಲ್ಲಿ ಆ ಕವಾಟವನ್ನು ಮುಟ್ಟುವುದು ಗಾಳಿ ಮಾತ್ರ, ಅದೂ ಶುದ್ಧವಾದುದಲ್ಲ. ಪಿಸ್ಟನ್ನಿನ ಬಳೆಗಳನ್ನು ನುಸುಳಿ ಕೆಳಗಿಳಿದ ಅನಿಲವನ್ನು, ವಾಯುಮಾಲಿನ್ಯವಾಗದಂತೆ, ಮತ್ತೆ ಒಳದಾರಿಗೇ ತಿರುಗಿಸಿರುವುದರಿಂದ ಎಣ್ಣೆಯ ಹಬೆಯೂ ಜೊತೆಯಲ್ಲಿ ಬರುತ್ತದೆ. ಕಾದ ಕವಾಟದ ಮೇಲೆ ಅದು ಕುಳಿತು, ಬೆಂದು, ಕರಿಯ ಹೆಕ್ಕಳೆಯಾಗುತ್ತದೆ. ಗಾಳಿಯ ದಾರಿ ಇಕ್ಕಟ್ಟಾಗುತ್ತದೆ. ಎಂಜಿನ್ನಿನ ಶಕ್ತಿ ಕುಂದುತ್ತದೆ.

ಇದಕ್ಕೆಂದು ಪೆಟ್ರೋಲ್ ತೊಟ್ಟಿಗೆ ಶೋಧಕ ದ್ರವವನ್ನು ಸುರಿಯುವವರುಂಟು. ಸಿಂಚಕದ ಮೂತಿ ಅದರಿಂದ ಶುದ್ಧವಾದೀತು. ಆದರೆ ಪೆಟ್ರೋಲೇ ತಲುಪದ ಕವಾಟವನ್ನು ಪೆಟ್ರೋಲಿನಲ್ಲಿ ಬೆರೆತ ದ್ರವ ತಲುಪುವುದೆಂತು? ವಿದ್ಯಾರ್ಥಿಗಳ ಗಮನಕ್ಕೆ ನಾವು ಮುಖ್ಯವಾಗಿ ತರಬಯಸುವ ಅಂಶವಿದು. ಲೇಪವು ಗಟ್ಟಿಯಾದ ಮೇಲೆ ನಂಬತಕ್ಕ ಉಪಾಯವೆಂದರೆ, ಒಳದಾರಿಯ ಕೊಳವೆಯನ್ನು ಬಿಚ್ಚಿ, ಕವಾಟವನ್ನು ಮುಚ್ಚಿದ ಸ್ಥಿತಿಯಲ್ಲಿಟ್ಟು, ಅಕ್ರೋಟದ ಚಿಪ್ಪಿನ ಪುಡಿಯನ್ನು ಒತ್ತಡದ ಗಾಳಿಯಿಂದ ಎರಚುವುದು. ಇಂಗಾಲವನ್ನು ಕೆರೆಯುವಷ್ಟು ಗಡಸು ಆ ಚಿಪ್ಪಿಗಿದೆ, ಲೋಹಕ್ಕೆ ಅಪಾಯವಿಲ್ಲ. ಟೊಯೋಟಾ ಕಂಪನಿಯವರಾದರೋ ಕೆಲವು ಎಂಜಿನ್ನುಗಳಲ್ಲಿ ಸಿಲಿಂಡರಿಗೊಂದು, ಒಳದಾರಿಗೊಂದು ಸಿಂಚಕವನ್ನಿಟ್ಟು, ತೊಳೆಯುವ ಕೆಲಸವನ್ನು ಮರಳಿ ಪೆಟ್ರೋಲಿಗೇ ಒಪ್ಪಿಸಿದಂತಾಗಿದೆ.