ಬಿಸಿಲಿನ ಪಾತಿ, ನೆರಳಿನ ಪಾತಿ

ಚಳಿದೇಶದವರು ಬಹುವಾರ್ಷಿಕ ಗಿಡ ಕೊಳ್ಳುವಾಗ ಮೊದಲು ವಿಚಾರಿಸುವುದು ಅದು ಹಿಮ ತಡೆಯುತ್ತದೆಯೇ ಎಂದು. ಅಲ್ಲಿನ ಪಿಯೋನಿ, ಹೋಸ್ಟಾಗಳು ಚಳಿಗಾಲಕ್ಕೆ ಮೇಲೆಲ್ಲ ಒಣಗಿ, ಬೇರಿನಲ್ಲಿ ಜೀವ ಹಿಡಿದಿದ್ದು ವಸಂತಕ್ಕೆ ಚಿಗುರುತ್ತವೆ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಜನವರಿಯ ರಾತ್ರಿಯೂ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು. ಇಲ್ಲಿ ಗಿಡವನ್ನು ಪರೀಕ್ಷಿಸುವುದು ಮಾರ್ಚ್–ಏಪ್ರಿಲ್‌ನ ಒಣಬಿಸಿಲು ಮತ್ತು ಸೆಪ್ಟೆಂಬರ್–ಅಕ್ಟೋಬರ್ ಮಳೆಯಲ್ಲಿ ಬುಡಕ್ಕೆ ನಿಲ್ಲುವ ನೀರು. ಎರಡನ್ನೂ ದಾಟಿದ್ದೇ ನಮ್ಮ ಪಾಲಿನ ಗಟ್ಟಿ ಗಿಡ.

ಬೆಂಗಳೂರಿನ ಕುಕ್ ಟೌನ್‌ನ ಹಳೆಯ ಬಂಗಲೆಗಳ ಕಾಂಪೌಂಡಿನಲ್ಲಿ ಪಳಗಿದ ಮಾಲಿ ಕೆಲಸ ಮಾಡುವುದನ್ನು ನೋಡಬೇಕು. ಗಿಡಕ್ಕಿಂತ ಮೊದಲು ಅವನು ಓದುವುದು ನೆರಳನ್ನು. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನಲ್ಲಿ ನಡುಹಗಲ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹತ್ತಡಿ ಗೋಡೆಯ ಉತ್ತರಕ್ಕೆ ಏಳಡಿಗೂ ಹೆಚ್ಚು ನೆರಳು ಬೀಳುತ್ತದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಅದೇ ಸೂರ್ಯ ನಮ್ಮ ನೆತ್ತಿಯ ಉತ್ತರಕ್ಕೆ ಸರಿದು, ಅದೇ ಪಾತಿಗೆ ನೇರ ಬಿಸಿಲು ಸುರಿಯುತ್ತಾನೆ. ಜನವರಿಯಲ್ಲಿ ನೆರಳು ಕಂಡು ಅಲ್ಲಿ ಜರಿಗಿಡ ನೆಟ್ಟರೆ ಮೇ ತಿಂಗಳಲ್ಲಿ ಅದರ ಎಲೆಯಂಚು ಸುಡುತ್ತದೆ. ಅನುಭವಿ ಕಣ್ಣು ಎರಡೂ ಕಾಲವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಬೆಳಗಿನ ಎಳೆಬಿಸಿಲಿಗೂ ಪಡುವಣದ ಮಧ್ಯಾಹ್ನದ ಬಿಸಿಲಿಗೂ ಇರುವ ಅಂತರವನ್ನೂ ಅದು ಮರೆಯುವುದಿಲ್ಲ.

ದಿನಕ್ಕೆ ಐದಾರು ಗಂಟೆ ಬಿಸಿಲು ಸಿಗುವ ಕಡೆ ನಿತ್ಯಪುಷ್ಪ, ಪೆಂಟಾಸ್, ಡೇ ಲಿಲಿ, ಕಾಬಾಳೆ ಒಗ್ಗುತ್ತವೆ. ಕಾಬಾಳೆಗೆ ನೀರು ಧಾರಾಳ ಬೇಕು. ನಿತ್ಯಪುಷ್ಪಕ್ಕೆ ನೀರು ನಿಂತರೆ ಬುಡ ಕೊಳೆಯುತ್ತದೆ. ಹಾಗಾಗಿ ಎರಡನ್ನೂ ಒಂದೇ ಪಾತಿಗೆ ಹಾಕಬಾರದು. ದಕ್ಷಿಣ ಆಫ್ರಿಕಾ ಮೂಲದ ಜರ್ಬೆರಾ ನೆಡುವಾಗಿನ ನಾಜೂಕು ನೋಡಿ: ಎಲೆಗಳೆಲ್ಲ ಹೊರಡುವ ಸುಳಿ ಮಣ್ಣಿನ ಮಟ್ಟಕ್ಕಿಂತ ತುಸು ಮೇಲೇ ಇರಬೇಕು. ಬೆರಳಿನಿಂದ ಸುತ್ತಲ ಮಣ್ಣು ಒತ್ತಿ, ಸುಳಿಯ ಮೇಲೆ ಬಿದ್ದ ಒಂದೆರಡು ಚೂರನ್ನೂ ಮಾಲಿ ಕೊಡವಿ ತೆಗೆಯುತ್ತಾನೆ. ಸುಳಿ ಹೂತರೆ ಮೊದಲ ಜಡಿಮಳೆಗೇ ಗಿಡ ಹೋಗುತ್ತದೆ.

ಮಳೆಮರ, ಮಾವಿನ ಮರಗಳ ಕೆಳಗಿನ ಕಥೆ ಬೇರೆ. ಅಲ್ಲಿ ಬೆಳಕಿನಷ್ಟೇ ನೀರಿಗೂ ಕೊರತೆ, ಮರದ ಬೇರುಗಳೇ ಅದನ್ನು ಹೀರಿಬಿಡುತ್ತವೆ. ಆಸ್ಪಿಡಿಸ್ಟ್ರಾ, ಸ್ನೇಕ್ ಪ್ಲಾಂಟ್ ಅಂಥ ಒಣನೆರಳಿಗೂ ಹೊಂದಿಕೊಳ್ಳುತ್ತವೆ. ಜರಿಗಿಡ, ಪೀಸ್ ಲಿಲಿ, ಬಿಗೋನಿಯಾಗಳಿಗೆ ಎಲೆಗೊಬ್ಬರ ಬೆರೆಸಿದ, ತೇವ ಹಿಡಿಯುವ ಸಡಿಲ ಮಣ್ಣು ಬೇಕು. ಉದುರಿದ ತರಗೆಲೆಯನ್ನು ಗುಡಿಸಿ ಸುಡದೆ ಬುಡಕ್ಕೆ ಹೊದಿಸಿದರೆ ಅರ್ಧ ಕೆಲಸ ಆದಂತೆ.

ಗಣರಾಜ್ಯೋತ್ಸವದ ಲಾಲ್‌ಬಾಗ್ ಪ್ರದರ್ಶನದಲ್ಲಿ ಮನಸೆಳೆಯುವ ಪೆಟೂನಿಯಾದಂಥವು ತಂಪುಕಾಲದ ಅತಿಥಿಗಳು. ಬೇಸಿಗೆ ಬಲಿತರೆ ಸೊರಗುತ್ತವೆ. ವರ್ಷಗಟ್ಟಲೆ ನಿಲ್ಲುವ ಗಿಡ ಬೇಕಿದ್ದರೆ ನರ್ಸರಿಗೆ ಹೋಗುವ ಮುಂಚೆ ನಿಮ್ಮ ಬೀದಿಯಲ್ಲೇ ಒಮ್ಮೆ ಸುತ್ತಿ ಬನ್ನಿ. ಪಕ್ಕದ ಕಾಂಪೌಂಡಿನಲ್ಲಿ ಎರಡು ಬೇಸಿಗೆ, ಎರಡು ಮಳೆಗಾಲ ಕಂಡ ಡೇ ಲಿಲಿಯೋ ಪೀಸ್ ಲಿಲಿಯೋ ಇದ್ದರೆ, ಜೂನ್ ಮಳೆ ಹಿಡಿದಾಗ ಬುಡದಿಂದ ಒಂದು ಹಿಳ್ಳು ಕೇಳಿ ತನ್ನಿ. ಅಲ್ಲಿ ಅದಕ್ಕೆ ಸಿಗುತ್ತಿದ್ದಷ್ಟೇ ಬಿಸಿಲು ಸಿಗುವ ಜಾಗದಲ್ಲಿ ನೆಡಿ.